ಬೆಂಜ್ ಲಾರಿಗೆ ಎಸಿ: ಕಂಪ್ರೆಸರ್ ಕೊನೆಗೆ ಕೊಳ್ಳಿ

ಪ್ರಶ್ನೆ: ಸಾರ್, ನಮ್ಮ ತಂದೆಗೆ ಕಲಾಸಿಪಾಳ್ಯದಲ್ಲಿ ಲಾರಿ ವ್ಯವಹಾರ ಇತ್ತು. ಅವರ 1966ರ ಟಾಟಾ ಮರ್ಸಿಡಿಸ್ ಬೆಂಜ್ ಲಾರಿ ಈಗ ನನ್ನ ಹತ್ತಿರ ಇದೆ. ಬಾನೆಟ್ ಮುಂದಿರುವ ಮಾಡೆಲ್. ಇಂಜಿನ್ ಕೆಲಸ ಪೂರ್ತಿ ಮಾಡಿಸಿದ್ದೇನೆ. ಬಾಡಿಗೆಗೆ ಓಡಿಸುವುದಿಲ್ಲ, ಆಗಾಗ ಬಸವನಗುಡಿಯಿಂದ ಚಿಕ್ಕಬಳ್ಳಾಪುರದ ಹತ್ತಿರದ ತೋಟಕ್ಕೆ ಹೋಗಿ ಬರುತ್ತೇವೆ, ಅಷ್ಟೆ. ಏಪ್ರಿಲ್‌ನಲ್ಲಿ ಹೆಬ್ಬಾಳ ದಾಟುವಷ್ಟರಲ್ಲಿ ಒಳಗೆ ಕೂರಲು ಆಗುವುದಿಲ್ಲ. ಕಾಲಿಡುವ ಜಾಗದಲ್ಲಿ ಚಪ್ಪಲಿ ಬಿಚ್ಚುವ ಹಾಗಿಲ್ಲ. ಎಸಿ ಇಲ್ಲದಿದ್ದರೆ ಇನ್ನು ಹತ್ತುವುದೇ ಇಲ್ಲ ಅಂತ ನಮ್ಮ ಮನೆಯವರು ಹೇಳಿಬಿಟ್ಟಿದ್ದಾರೆ. ಒಬ್ಬರು ಟಾಪ್ ಮೇಲೆ ಕೂರಿಸುವ ಬ್ಯಾಟರಿ ಎಸಿ ಒಳ್ಳೆಯದು ಅಂತಾರೆ. ಇನ್ನೊಬ್ಬರು ಶಿವಾಜಿನಗರದ ಗುಜರಿಯಿಂದ ಕಾರಿನ ಎಸಿ ಸೆಟ್ ತಂದುಕೊಡುತ್ತೇನೆ ಅಂತಾರೆ. ಯಾವುದನ್ನು ಹಾಕಿಸಲಿ?
— ಬಸವನಗುಡಿಯ ಓದುಗರು

ಉತ್ತರ: ನಿಮ್ಮ ಮನೆಯವರು ಕೇಳುತ್ತಿರುವುದು ಅತಿ ಏನಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಇರಲೇಬೇಕು ಅಂತ ಕೇಂದ್ರ ಸರ್ಕಾರವೇ ನಿಯಮ ಮಾಡಿದೆ. ಹಳೇ ಲಾರಿಗೆ ಆ ನಿಯಮ ಇಲ್ಲ. ಹಾಗಾಗಿ ಯಾರ ಒತ್ತಾಯವೂ ಇಲ್ಲದೆ ನಿಧಾನವಾಗಿ, ಸರಿಯಾದ ಕ್ರಮದಲ್ಲಿ ಮಾಡಿಸಬಹುದು. ಆ ಕ್ರಮದಲ್ಲಿ ಕಂಪ್ರೆಸರ್, ಅಂದರೆ ಎಸಿಯ ಗ್ಯಾಸನ್ನು ಒತ್ತಿ ತಳ್ಳುವ ಪಂಪ್, ಬರುವುದು ಕೊನೆಗೆ.

ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಚಪ್ಪಲಿಯ ಮಾತು. ಬೆಂಗಳೂರಿನ ಬಿಸಿಲು ಅಂಥ ದೊಡ್ಡದಲ್ಲ. ಇಲ್ಲಿ ದಾಖಲಾದ ಗರಿಷ್ಠ ಬಿಸಿಲೇ 39.2 ಡಿಗ್ರಿ, ಅದು 2016ರ ಏಪ್ರಿಲ್‌ನಲ್ಲಿ. ನಿಮ್ಮನ್ನು ಬೇಯಿಸುತ್ತಿರುವುದು ಇಂಜಿನ್. ಅದರ ನೀರೇ 80-90 ಡಿಗ್ರಿ ಇರುತ್ತದೆ, ಎಕ್ಸಾಸ್ಟ್ ಪೈಪಿನ ಬಿಸಿ ಇನ್ನೂ ಎಷ್ಟೋ ಜಾಸ್ತಿ. ಅದಕ್ಕೂ ನಿಮ್ಮ ಕಾಲಿಗೂ ನಡುವೆ ಇರುವುದು ಒಂದೇ ಒಂದು ತಗಡು. ಆ ತಗಡಿನಲ್ಲೂ ತೂತುಗಳು.

ಆ ತೂತುಗಳನ್ನು ಹುಡುಕುವುದು ಸುಲಭ. ರಾತ್ರಿ ಶೆಡ್ಡಿನ ದೀಪ ಆರಿಸಿ. ಬಾನೆಟ್ ಒಳಗೊಂದು ಬಲ್ಬ್ ಹಾಕಿ ಮುಚ್ಚಿ. ಮ್ಯಾಟ್ ತೆಗೆದು ಕ್ಯಾಬಿನ್ ಒಳಗೆ ಕುಳಿತು ನೋಡಿ. ಕ್ಲಚ್ ಮತ್ತು ಬ್ರೇಕ್ ಪೆಡಲ್ ಇಳಿಯುವ ಸೀಳು, ಸ್ಟಿಯರಿಂಗ್ ರಾಡ್ ಸುತ್ತ, ಗೇರ್ ಲಿವರ್ ಬುಡ, ಹಿಂದೆ ಯಾರೋ ವೈರ್ ಎಳೆಯಲು ಕೊರೆದು ಹಾಗೇ ಬಿಟ್ಟ ತೂತು, ಎಲ್ಲ ಕಡೆಯಿಂದಲೂ ಬೆಳಕು ಬರುತ್ತದೆ. ಬೆಳಕು ಬಂದ ಕಡೆಯಿಂದ ಬಿಸಿ ಗಾಳಿಯೂ ಬರುತ್ತದೆ, ಹೊಗೆಯೂ ಬರುತ್ತದೆ. ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಂಡು ವೈರ್ ತೂತಿಗೆ ರಬ್ಬರ್ ಗ್ರಾಮೆಟ್ (ಬಳೆ), ಪೆಡಲ್‌ಗೆ ಮತ್ತು ಗೇರ್‌ಗೆ ರಬ್ಬರ್ ಬೂಟ್ ಹಾಕಿಸಿ. ಬಾಗಿಲ ಬೀಡಿಂಗ್ ಹೊಸದು ಮಾಡಿಸಿ. ಇಷ್ಟು ಮಾಡದೆ ಎಸಿ ಹಾಕಿಸಿದರೆ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

ಆಮೇಲೆ ಇಂಜಿನ್ ಕಡೆಯ ತಗಡು, ನೆಲ ಮತ್ತು ಟಾಪ್‌ನ ಒಳಗಡೆಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ನೈಟ್ರೈಲ್ ರಬ್ಬರ್ ಫೋಮ್ ಹಾಕಿಸಿ. 10 ಮಿಲಿಮೀಟರ್ ದಪ್ಪ ಸಾಕು. ಕಟ್ಟಡಗಳ ಎಸಿ ಪೈಪಿಗೆ ಸುತ್ತುತ್ತಾರಲ್ಲ, ಅದೇ ಮಾಲು. ಅದು ನೀರು ಹೀರುವುದಿಲ್ಲ. ಫೆಲ್ಟ್ ಅಥವಾ ಗೋಣಿ ಬೇಡವೇ ಬೇಡ. ಒಂದು ಮಳೆಗಾಲ ಒದ್ದೆಯಾಗಿ ಕೂತರೆ ಕೆಳಗಿನ ತಗಡನ್ನು ತಿಂದುಬಿಡುತ್ತದೆ.

ಇಷ್ಟಾದ ಮೇಲೆ ಒಮ್ಮೆ ತೋಟಕ್ಕೆ ಹೋಗಿ ಬನ್ನಿ. ಎಸಿ ಇನ್ನೂ ಬೇಕು ಅನ್ನಿಸಿದರೆ ಮುಂದಿನ ಮಾತು.

ಟಾಪ್ ಮೇಲಿನ ಬ್ಯಾಟರಿ ಎಸಿ ನಿಮಗೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದು ಇಂಜಿನ್ ಆರಿಸಿ ಲಾರಿಯಲ್ಲೇ ಮಲಗುವ ಡ್ರೈವರ್‌ಗಳಿಗಾಗಿ ಬಂದದ್ದು. ಲೆಕ್ಕ ಹಾಕಿ ನೋಡಿ: ಒಂದು ಕಿಲೋವಾಟ್ ಎಳೆಯುವ ಎಸಿಗೆ 24 ವೋಲ್ಟ್‌ನಲ್ಲಿ 40 ಆಂಪಿಯರ್ ಹತ್ತಿರ ಕರೆಂಟ್ ಬೇಕು, 12 ವೋಲ್ಟ್ ಆದರೆ 80ಕ್ಕೂ ಮೇಲೆ. ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ ಅದರ ಹತ್ತಿರಕ್ಕೂ ಬರುವುದಿಲ್ಲ. ಮೇಲಾಗಿ ಟಾಪ್ ಕತ್ತರಿಸಬೇಕು. ಟಾಟಾ ಮತ್ತು ಬೆಂಜ್ ಕಂಪನಿಗಳ ಲಾರಿ ಒಪ್ಪಂದ 1954ರಲ್ಲಿ ಶುರುವಾಗಿ 1969ಕ್ಕೆ ಮುಗಿಯಿತು. ಆ ಕ್ಯಾಬಿನ್ ಇನ್ನೊಂದು ಸಿಗುವುದಿಲ್ಲ. ಅದಕ್ಕೆ ಗ್ರೈಂಡರ್ ಇಡಿಸಬೇಡಿ.

ನಿಮಗೆ ಹೊಂದುವುದು ಇಂಜಿನ್ ಬೆಲ್ಟಿನಿಂದ ತಿರುಗುವ ಕಂಪ್ರೆಸರ್, ಜೊತೆಗೆ ಡ್ಯಾಶ್‌ಬೋರ್ಡ್ ಕೆಳಗೆ ನೇತು ಹಾಕುವ ಕೂಲಿಂಗ್ ಕಾಯಿಲ್ ಪೆಟ್ಟಿಗೆ. ಪೆಟ್ಟಿಗೆ ಗುಜರಿಯದ್ದಾದರೂ ನಡೆಯುತ್ತದೆ, ತೊಳೆದು ಪ್ರೆಶರ್ ಹಾಕಿ ಲೀಕ್ ನೋಡಿದ್ದರೆ ಸರಿ. ಕಂಪ್ರೆಸರ್ ಮಾತ್ರ ಹೊಸದೇ ತನ್ನಿ. ಬಾಯಿ ತೆರೆದುಕೊಂಡು ಅಂಗಡಿಯಲ್ಲಿ ಬಿದ್ದಿದ್ದ ಕಂಪ್ರೆಸರ್ ಒಳಗೆ ತೇವ, ಕಸ ಎಲ್ಲ ಸೇರಿರುತ್ತದೆ. ತೇವ ಹೀರುವ ಡ್ರೈಯರ್ ಬಾಟ್ಲಿ, ಕಾಯಿಲಿಗೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಕೂಡ ಹೊಸದೇ ಆಗಬೇಕು.

ಕಾರಿನ ಸೆಟ್‌ನಲ್ಲಿ ಇನ್ನೊಂದು ತೊಂದರೆ ಇದೆ. ಕಾರಿನ ಪೆಟ್ರೋಲ್ ಇಂಜಿನ್ ಸುಲಭವಾಗಿ ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುತ್ತದೆ. ನಿಮ್ಮ ಡೀಸೆಲ್ ಇಂಜಿನ್ ಮೂರು ಸಾವಿರ ದಾಟುವುದಿಲ್ಲ, ಸಿಗ್ನಲ್‌ನಲ್ಲಿ ನಿಂತಾಗಂತೂ ಐನೂರು ಆರುನೂರು. ಕಾರಿಗೆ ಮಾಡಿದ ಪುಲ್ಲಿ ಲೆಕ್ಕ ಇಲ್ಲಿ ಹಾಕಿದರೆ ಹೆಬ್ಬಾಳದ ಜಾಮ್‌ನಲ್ಲಿ ಬರೀ ಫ್ಯಾನಿನ ಗಾಳಿ ಬರುತ್ತದೆ. ಐದು ಪಿಸ್ಟನ್‌ಗಳ, 138 ಸಿಸಿ ಅಳತೆಯ ಸ್ಯಾಂಡೆನ್ 508 ಮಾದರಿ ಕಂಪ್ರೆಸರ್ ಇಂಥ ಕೆಲಸಕ್ಕೆ ಹಳೇ ಹುಲಿ. ಅದರ ಪುಲ್ಲಿಗಿಂತ ಇಂಜಿನ್ನಿನ ಕ್ರ್ಯಾಂಕ್ ಪುಲ್ಲಿ ಸುಮಾರು ಒಂದೂವರೆ ಪಟ್ಟು ದೊಡ್ಡದಿರಲಿ. ಆಗ ನಿಂತಲ್ಲೇ ಎಂಟುನೂರು ಒಂಬೈನೂರು ಸುತ್ತು ಸಿಗುತ್ತದೆ, ಪೂರ್ತಿ ಓಡಿಸಿದರೂ ಐದು ಸಾವಿರದ ಒಳಗೇ ಇರುತ್ತದೆ. ನಿಮ್ಮ ಇಂಜಿನ್ನಿಗೆ ಇದು ದೊಡ್ಡ ಹೊರೆ ಅಲ್ಲ, ಓಡುವಾಗ ನಾಲ್ಕೈದು ಎಚ್‌ಪಿ ಹೋಗಬಹುದು. ಏರಿನಲ್ಲಿ ಲೋಡ್ ಇದ್ದರೆ ಸ್ವಿಚ್ ಆಫ್ ಮಾಡಿ.

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಕಾದದ್ದು ಬ್ರಾಕೆಟ್‌ಗೆ. ಹಳೇ ಡೀಸೆಲ್‌ನ ನಡುಕ ಎಂಥದ್ದು ಅಂತ ನಿಮಗೇ ಗೊತ್ತು. ತೆಳು ಪಟ್ಟಿಯಲ್ಲಿ ವೆಲ್ಡ್ ಮಾಡಿದ ಬ್ರಾಕೆಟ್ ಬೇಗ ಬಿರುಕು ಬಿಡುತ್ತದೆ, ಬೆಲ್ಟ್ ಮೇಲಿಂದ ಮೇಲೆ ಹರಿಯುತ್ತದೆ. ಬೆಲ್ಟ್ ಹರಿದರೆ ಮೆಕ್ಯಾನಿಕ್ ಬೆಲ್ಟನ್ನೇ ಬೈಯುತ್ತಾನೆ. 10 ಮಿಲಿಮೀಟರ್ ಪ್ಲೇಟ್‌ನಲ್ಲಿ, ಇಂಜಿನ್ ಬ್ಲಾಕಿನಲ್ಲಿ ಮೊದಲೇ ಇರುವ ಬೋಲ್ಟ್ ತೂತುಗಳನ್ನೇ ಬಳಸಿ, ಒಳ್ಳೆಯ ಲೇತ್ ಶಾಪಿನಲ್ಲಿ ಮಾಡಿಸಿ. ಪೀಣ್ಯದಲ್ಲಿ ಇಂಥವರಿಗೆ ಬರ ಇಲ್ಲ. ಮೊದಲು ರಟ್ಟಿನಲ್ಲಿ ಕತ್ತರಿಸಿ ಇಂಜಿನ್ ಮೇಲೆ ಇಟ್ಟು ನೋಡಲು ಹೇಳಿ. ಫಿಟ್ ಆದ ಮೇಲೆ ಎರಡೂ ಪುಲ್ಲಿಗೆ ತಾಗುವಂತೆ ಉದ್ದನೆಯ ಸ್ಟೀಲ್ ಪಟ್ಟಿ ಹಿಡಿಯಿರಿ. ನಡುವೆ ಸಂದು ಕಂಡರೆ ಬಿಚ್ಚಿ ಸರಿ ಮಾಡಿಸಿ. ಆಮೇಲೆ ನೋಡೋಣ ಅನ್ನುವವರ ಮಾತು ಕೇಳಬೇಡಿ.

ಗ್ಯಾಸಿನ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ರೇಡಿಯೇಟರ್ ಮುಂದೆ ಬರುತ್ತದೆ. ಅಂದರೆ ರೇಡಿಯೇಟರ್‌ಗೆ ಇನ್ನು ಬಿಸಿ ಗಾಳಿಯೇ ಸಿಗುವುದು. ಅದರಲ್ಲಿ ಪಾಚಿ, ತುಕ್ಕು ಕಟ್ಟಿದ್ದರೆ ಎಸಿ ಹಾಕಿದ ಮೊದಲ ಬೇಸಿಗೆಯಲ್ಲೇ ಇಂಜಿನ್ ಕುದಿಯುತ್ತದೆ. ಮೊದಲು ಬಿಚ್ಚಿ ಕ್ಲೀನ್ ಮಾಡಿಸಿ. ನಿಧಾನಕ್ಕೆ ತಿರುಗುವ ಇಂಜಿನ್ ಫ್ಯಾನ್ ಜಾಮ್‌ನಲ್ಲಿ ಸಾಕಾಗುವುದಿಲ್ಲ, ಕಂಡೆನ್ಸರ್‌ಗೆ ಬೇರೆ ಕರೆಂಟ್ ಫ್ಯಾನ್ ಬೇಕು. ಪ್ಯಾರಲಲ್ ಫ್ಲೋ ಮಾದರಿಯ ಕಂಡೆನ್ಸರ್ ಸಿಕ್ಕರೆ ಅದನ್ನೇ ತನ್ನಿ, ಅಷ್ಟೇ ಜಾಗದಲ್ಲಿ ಜಾಸ್ತಿ ಬಿಸಿ ಬಿಡುತ್ತದೆ.

ಕರೆಂಟಿನ ವಿಷಯ ಚಿಕ್ಕದು. ನಿಮ್ಮ ಲಾರಿ 12 ವೋಲ್ಟ್‌ನಲ್ಲಿದೆಯೋ 24ರಲ್ಲೋ ಅಂತ ಬ್ಯಾಟರಿ ಕನೆಕ್ಷನ್ ನೋಡಿ ತಿಳಿದುಕೊಂಡು ಬ್ಲೋಯರ್, ಕಂಪ್ರೆಸರ್‌ನ ಕ್ಲಚ್ ಕಾಯಿಲ್, ಫ್ಯಾನ್ ಎಲ್ಲ ಅದೇ ವೋಲ್ಟ್‌ಗೆ ತನ್ನಿ. ಮೂರೂ ಸೇರಿ 12 ವೋಲ್ಟ್‌ನಲ್ಲಿ ಮೂವತ್ತು ಆಂಪಿಯರ್ ಹತ್ತಿರ ಎಳೆಯುತ್ತವೆ. ಡೈನಮೋ ತೆಗೆದು ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಲೇಬೇಕು. ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಬಿಚ್ಚಿದ ಡೈನಮೋವನ್ನು ಗ್ರೀಸ್ ಸವರಿ, ಸುತ್ತಿ ಮನೆಯಲ್ಲಿಡಿ, ಗುಜರಿಗೆ ಹಾಕಬೇಡಿ. ಪ್ರತಿ ಲೈನಿಗೂ ರಿಲೇ, ಫ್ಯೂಸ್ ಇರಲಿ. ಗ್ಯಾಸ್ ಕಡಿಮೆಯಾದರೂ ಪ್ರೆಶರ್ ಏರಿದರೂ ಕಂಪ್ರೆಸರ್ ನಿಲ್ಲಿಸುವ ಪ್ರೆಶರ್ ಸ್ವಿಚ್ ಬಿಡಬೇಡಿ. ಬೆಲೆ ಸ್ವಲ್ಪ, ಉಳಿಸುವುದು ಬಹಳ.

ಗ್ಯಾಸ್ ತುಂಬುವ ದಿನ ನೀವು ಅಲ್ಲೇ ಇರಿ. ಲೀಕ್ ನೋಡಲು ಪಂಕ್ಚರ್ ಅಂಗಡಿಯ ಗಾಳಿ ಹೊಡೆಯಲು ಬಂದರೆ ತಡೆಯಿರಿ, ಅದರಲ್ಲಿ ತೇವ ಇರುತ್ತದೆ. ನೈಟ್ರೋಜನ್ ಹಾಕಿ ಸೋಪಿನ ನೊರೆ ಹಚ್ಚಿ ನೋಡಬೇಕು. ಆಮೇಲೆ ವ್ಯಾಕ್ಯೂಮ್, ಅಂದರೆ ಪಂಪ್ ಹಾಕಿ ಒಳಗಿನ ಗಾಳಿ, ತೇವ ಎಳೆಯುವುದು, ಕನಿಷ್ಠ ಮುಕ್ಕಾಲು ಗಂಟೆ. ಇಲ್ಲೊಂದು ಬೆಂಗಳೂರಿನದೇ ವಿಶೇಷ ಇದೆ. ಪುಸ್ತಕದಲ್ಲಿ ಗೇಜಿನ ಮುಳ್ಳು 29 ಇಂಚಿಗೆ ಬರಬೇಕು ಅಂತ ಇರುತ್ತದೆ. ನಾವಿರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ, ಒಳ್ಳೆಯ ಪಂಪ್ ಇದ್ದರೂ ಮುಳ್ಳು 26-27ರಲ್ಲಿ ನಿಲ್ಲುತ್ತದೆ. ಅದನ್ನು ನೋಡಿ ಲೀಕ್ ಇದೆ ಅಂತ ಪೈಪೆಲ್ಲ ಬಿಚ್ಚಿಸುವುದು ಸುಮ್ನೆ ಖರ್ಚು. ಪಂಪ್ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಮುಳ್ಳು ಅಲುಗದೆ ನಿಂತಿತಾ ಅನ್ನುವುದೇ ಮುಖ್ಯ. ಗ್ಯಾಸನ್ನು ತೂಕ ಮಾಡಿ, ಕಿಟ್ ಕಂಪನಿ ಹೇಳಿದಷ್ಟೇ ಹಾಕಿಸಿ. ‘ಇನ್ನೊಂದು ಸ್ವಲ್ಪ ಹಾಕ್ತೀನಿ, ಕೂಲಿಂಗ್ ಜಾಸ್ತಿ ಬರುತ್ತೆ’ ಅಂದರೆ ನಂಬಬೇಡಿ. ಜಾಸ್ತಿ ಆದರೆ ಪ್ರೆಶರ್ ಏರಿ ಕೂಲಿಂಗ್ ಕಡಿಮೆಯೇ ಆಗುತ್ತದೆ.

ಕೂಲಿಂಗ್ ಕಾಯಿಲಿನ ನೀರು ಹೊರಗೆ ಹೋಗುವ ಪೈಪ್ ಇಳಿಜಾರಾಗಿದೆಯಾ ಅಂತಲೂ ನೋಡಿಕೊಳ್ಳಿ. ಅದು ಮ್ಯಾಟ್ ಕೆಳಗೆ ಸೋರಿದರೆ ನಿಮಗೆ ಗೊತ್ತಾಗುವುದು ನೆಲ ತೂತಾದ ಮೇಲೆಯೇ.

ಪ್ರಶ್ನೆ: ನಮ್ಮದು 1980ರ ದಶಕದ ಡೀಸೆಲ್ ಪಿಕಪ್. ಆಗಲೇ ಹೊರಗಿನಿಂದ ಎಸಿ ಹಾಕಿಸಿದ್ದೆವು, ಆರ್-12 ಅನ್ನುವ ಹಳೇ ಗ್ಯಾಸಿನದು. ಈಗ ಅದಕ್ಕೇ ಸೀದಾ ಹೊಸ ಗ್ಯಾಸ್ ಆರ್-134ಎ ತುಂಬಬಹುದು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಸರೀನಾ?
— ರಾಜಾಜಿನಗರದ ಓದುಗರು

ಉತ್ತರ: ಸೀದಾ ತುಂಬಬಾರದು. ಆರ್-12 ಜೊತೆ ಇದ್ದ ಮಿನರಲ್ ಆಯಿಲ್ ಹೊಸ ಗ್ಯಾಸಿನಲ್ಲಿ ಬೆರೆಯುವುದಿಲ್ಲ. ಆಯಿಲ್ ಪೈಪಿನಲ್ಲೇ ಉಳಿದು ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಹಳೇ ಆಯಿಲ್ ಬಸಿದು, ಪೈಪ್ ಫ್ಲಶ್ ಮಾಡಿಸಿ ಎಸ್ಟರ್ ಆಯಿಲ್ ಹಾಕಿಸಿ. ಅಲ್ಲಿ ಇಲ್ಲಿ ಹಳೇ ಆಯಿಲ್ ಉಳಿದಿದ್ದರೂ ಅದು ಸಹಿಸಿಕೊಳ್ಳುತ್ತದೆ. ಓ-ರಿಂಗ್, ಡ್ರೈಯರ್ ಬದಲಿಸಲೇಬೇಕು. ಹೋಸ್ ಪೈಪ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. ಹೊಸ ಗ್ಯಾಸಿನ ಪ್ರೆಶರ್ ಜಾಸ್ತಿ, ಹಾಗಾಗಿ ಕಂಡೆನ್ಸರ್ ಚಿಕ್ಕದಿದ್ದರೆ ಕೂಲಿಂಗ್ ಸಾಲದು. ಗ್ಯಾಸ್ ಕೂಡ ಹಳೆಯದಕ್ಕಿಂತ ತೂಕದಲ್ಲಿ ಸ್ವಲ್ಪ ಕಡಿಮೆಯೇ ಹಿಡಿಸುತ್ತದೆ.

ಇನ್ನು ಆರ್-12 ಇವತ್ತಿಗೂ ಸಿಗುತ್ತದೆ ಅಂತ ಯಾರಾದರೂ ಸಿಲಿಂಡರ್ ತೋರಿಸಿದರೆ ಹುಷಾರು. ಓಜೋನ್ ಪದರ ಉಳಿಸಲು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂಥ ಗ್ಯಾಸ್‌ಗಳಿಗೆ ಭಾರತದಲ್ಲಿ 2010ರ ಜನವರಿ 1ಕ್ಕೇ ಗಡುವು ಮುಗಿದಿದೆ. ಒಳಗೆ ಅಡುಗೆ ಗ್ಯಾಸಿನ ಜಾತಿಯ, ಬೆಂಕಿ ಹಿಡಿಯುವ ಮಿಶ್ರಣ ಇರಬಹುದು. ಕೂಲಿಂಗ್ ಕಾಯಿಲ್ ನಿಮ್ಮ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ. ಸಿಲಿಂಡರ್ ಮೇಲೆ ಏನು ಬರೆದಿದೆ ಅಂತ ಓದದೆ ತುಂಬಿಸಬೇಡಿ.