ಮಸಿ ಅಂದ್ರೆ ಶಾಯಿ ಕೂಡ ಅಲ್ವಾ, ಮೇಷ್ಟ್ರೇ?

"ಕಳೆದ ಸಂಚಿಕೆಯ 'ಗಾಳಿಯಿಂದ ಕಲ್ಲಿಗೆ' ಲೇಖನ ಓದಿ ಬೇಸರವಾಯಿತು. ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು ನಾನು. ಭೂಮಿ ಕಾಯುತ್ತಿರುವಾಗ ಇಂಥ ಸಿಹಿಸುದ್ದಿ ಹಂಚುವುದು ಜೋಗುಳ ಹಾಡಿದ ಹಾಗೆ. ಹೊಗೆ ಬಿಡುವವರಿಗೆ ಇದೊಂದು ನೆಪ. ನೀವು ಹೊಗಳುವ 'ಇಂಗಾಲದ ಮರುಬಳಕೆ' ಸೋಡಾ ಬಾಟಲಿಯ ಗ್ಯಾಸ್ ಇದ್ದಂತೆ. ಮುಚ್ಚಳ ತೆಗೆದರೆ ಮತ್ತೆ ಗಾಳಿಗೇ. ಇನ್ನು ಗಿಡ ನೆಡುವ ಕಥೆಗಳಂತೂ ಸಾಕಪ್ಪಾ ಸಾಕು. ಪತ್ರಿಕೆ ಜನರನ್ನು ಎಬ್ಬಿಸಬೇಕು, ತಟ್ಟಿ ಮಲಗಿಸಬಾರದು."
— ನಿವೃತ್ತ ಅಧ್ಯಾಪಕರೊಬ್ಬರು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಮೂರು ಪುಟ, ಕೈಬರಹ, ಒಂದೂ ಚಿತ್ತಿಲ್ಲ. ಮೇಲೆ ಹಾಕಿರುವುದು ಅದರ ಒಂದು ತುಣುಕು ಮಾತ್ರ. ಇಂಥ ಪತ್ರ ಬರುವುದೇ ಈಗ ಅಪರೂಪ. ಹಾಗಾಗಿ ಬೈದಿದ್ದರೂ ಖುಷಿಯಾಯಿತು. ಎರಡನೇ ಸಲ ಓದುವಾಗ ಸ್ವಲ್ಪ ಸಿಟ್ಟೂ ಬಂತು. ಉತ್ತರ ಉದ್ದವಾಗಿದ್ದರೆ ಅದೇ ಕಾರಣ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಜಗತ್ತು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದೆ. ಗಾಳಿಯಿಂದ ಅದನ್ನು ನೇರವಾಗಿ ಹೀರಲು ಐಸ್‌ಲ್ಯಾಂಡಿನಲ್ಲಿ 2024ರಲ್ಲಿ ಶುರುವಾದ 'ಮ್ಯಾಮತ್' ಎಂಬ ಸ್ಥಾವರವಿದೆ. ಹೆಸರಿಗೆ ತಕ್ಕ ದೊಡ್ಡ ಯಂತ್ರ. ಅದು ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೂ ವರ್ಷಕ್ಕೆ 36,000 ಟನ್. ನಾವು ಬಿಡುವುದರಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು. ಸುಡುವುದನ್ನು ನಿಲ್ಲಿಸದೆ ಬೇರೆ ದಾರಿಯಿಲ್ಲ. ಬೇರೆ ಏನು ಹೇಳಿದರೂ ಅದು ನೆಪವೇ. ಸರಿಯಲ್ವಾ? ಇಷ್ಟಕ್ಕೆ ನಿಮ್ಮ ಪಾಲಿನ ಅಂಕ ಕೊಟ್ಟಾಯಿತು. ಇನ್ನು ನನ್ನ ಸರದಿ.

ನನಗೆ ಬೇಸರವಾದದ್ದು ನೀವು ಇಂಗಾಲವನ್ನು ಕಳ್ಳನ ಹಾಗೆ ಕಂಡದ್ದಕ್ಕೆ. ಅದೂ ರಸಾಯನಶಾಸ್ತ್ರದ ಮೇಷ್ಟ್ರಾಗಿ! ಮಸಿ ಅನ್ನುವ ಮಾತನ್ನೇ ತಗೊಳ್ಳಿ. ಪಾತ್ರೆಯ ತಳಕ್ಕೆ ಹಿಡಿಯುವುದೂ ಮಸಿ, ಕುಡಿಕೆಯಲ್ಲಿ ತುಂಬಿಸಿ ಬರೆಯುವುದೂ ಮಸಿ. ಮುಖಕ್ಕೆ ಬಳಿದರೆ ಮಾನ ಹೋಯಿತು, ಕಾಗದಕ್ಕೆ ಇಳಿದರೆ ಅಕ್ಷರವಾಯಿತು. ನೀವು ಈಗ ಓದುತ್ತಿರುವ ಪುಟದ ಕಪ್ಪು ಕೂಡ ಇಂಗಾಲದ್ದೇ. ಎಣ್ಣೆಯನ್ನು ಅರೆಬರೆ ಸುಟ್ಟು ಹಿಡಿದ ನುಣ್ಣನೆಯ ಪುಡಿ ಅದು. ನಾನು ಈ ಕೆಲಸಕ್ಕೆ ಸೇರಿದಾಗ ಅಚ್ಚಿನಮನೆಯಲ್ಲಿದ್ದ ಹಿರಿಯರೊಬ್ಬರ ಉಗುರಿನ ಸಂದಿ ಯಾವಾಗಲೂ ಕಪ್ಪು. ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. "ಇದು ಹೋದರೆ ಕೆಲಸವೂ ಹೋಯ್ತು ಅಂತ ಲೆಕ್ಕ" ಎನ್ನುತ್ತಿದ್ದರು. ಮಸಿ ಬೇರೆ, ಕಾರ್ಬನ್ ಡೈಆಕ್ಸೈಡ್ ಬೇರೆ ಅಂತ ನೀವು ಕೆಂಪು ಗೆರೆ ಎಳೆಯುವ ಮೊದಲೇ ಒಪ್ಪುತ್ತೇನೆ. ನಾನು ಹೇಳಹೊರಟದ್ದು ಇಷ್ಟೇ: ವಸ್ತು ಅದೇ, ಇರುವ ಜಾಗ ತಪ್ಪು.

ನಿಮ್ಮ ಸೋಡಾ ಬಾಟಲಿಗೆ ಬರೋಣ. ಉಪಮೆ ಚೆನ್ನಾಗಿದೆ. ಆದರೆ ಅದನ್ನು ಅರ್ಧಕ್ಕೇ ಬಿಟ್ಟಿದ್ದೀರಿ.

ಸೋಡಾದ ಹುಟ್ಟೇ ಮರುಬಳಕೆಯಿಂದ ಆದದ್ದು ಅನ್ನುವುದು ನಿಮಗೆ ಗೊತ್ತಿರುತ್ತದೆ. ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಗ ಮನೆ ಪಕ್ಕದಲ್ಲೇ ಬಿಯರ್ ತಯಾರಿಸುವ ಜಾಗವಿತ್ತು. ಹುದುಗುತ್ತಿದ್ದ ತೊಟ್ಟಿಗಳ ಮೇಲೆ ಒಂದು ಭಾರದ ಗಾಳಿ, ಅದೇ ಕಾರ್ಬನ್ ಡೈಆಕ್ಸೈಡ್, ನಿಂತಿರುತ್ತಿತ್ತು. ಬೇರೆಯವರಿಗೆ ಬೇಡದ ಆ ಗಾಳಿಯನ್ನು ಅವರು ನೀರಿಗೆ ಬೆರೆಸಿ ನೋಡಿದರು. 1772ರಲ್ಲಿ ಅದನ್ನು ಮಾಡುವ ಬಗೆಯನ್ನು ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸಿದರು. ಅಲ್ಲಿಂದ ಸುಮಾರು ಇನ್ನೂರೈವತ್ತು ವರ್ಷ ಮುಂದೆ ಬನ್ನಿ. 2021ರ ಸೆಪ್ಟೆಂಬರ್. ಅನಿಲದ ಬೆಲೆ ಏರಿತು ಎಂದು ಬ್ರಿಟನ್ನಿನ ಎರಡು ಗೊಬ್ಬರದ ಕಾರ್ಖಾನೆಗಳು ಬಾಗಿಲು ಹಾಕಿದವು. ಗೊಬ್ಬರ ಮಾಡುವಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅನ್ನೇ ಅವು ಮಾರುತ್ತಿದ್ದವು. ತಕ್ಷಣ ದೇಶದಲ್ಲಿ ಕಾರ್ಬನ್ ಡೈಆಕ್ಸೈಡ್‌ಗೆ ಬರ! ತಂಪುಪಾನೀಯದವರು, ಮಾಂಸದವರು, ಆಹಾರ ಪ್ಯಾಕ್ ಮಾಡುವವರು ಎಲ್ಲರೂ ತಲೆ ಮೇಲೆ ಕೈ ಹೊತ್ತರು. ಕೊನೆಗೆ ಸರ್ಕಾರವೇ ದುಡ್ಡು ಕೊಟ್ಟು ಕಾರ್ಖಾನೆ ತೆರೆಸಬೇಕಾಯಿತು. ತಲೆಯ ಮೇಲಿನ ಗಾಳಿಯಲ್ಲಿ ಜಾಸ್ತಿಯಾಗಿ ಅಪಾಯ ತಂದಿರುವ ವಸ್ತುವೇ ಕೆಳಗೆ ಅಂಗಡಿಯಲ್ಲಿ ಸಿಗುತ್ತಿಲ್ಲ. ಇದಕ್ಕಿಂತ ದೊಡ್ಡ ತಮಾಷೆ ಬೇಕಾ?

ಈಗ ಮುಚ್ಚಳ ತೆಗೆದರೂ ಹೊರಗೆ ಬರದ ಸೋಡಾದ ಕಥೆ. ಐಸ್‌ಲ್ಯಾಂಡಿನಲ್ಲಿ ಭೂಮಿಯ ಬಿಸಿಯಿಂದ ವಿದ್ಯುತ್ ಮಾಡುವ ಸ್ಥಾವರವೊಂದರ ಪಕ್ಕದಲ್ಲಿ 'ಕಾರ್ಬ್‌ಫಿಕ್ಸ್' ಅನ್ನುವ ಪ್ರಯೋಗ ನಡೆಯಿತು. 2012ರಲ್ಲಿ ಕಾರ್ಬನ್ ಡೈಆಕ್ಸೈಡ್ ಅನ್ನು ನೀರಿನಲ್ಲಿ ಕರಗಿಸಿ ಆಳದ ಬಸಾಲ್ಟ್ ಕಲ್ಲಿನೊಳಗೆ, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲಿನೊಳಗೆ, ಇಳಿಸಿದರು. ಅಕ್ಷರಶಃ ಸೋಡಾವನ್ನು ನೆಲಕ್ಕೆ ಇಂಗಿಸಿದರು ಅನ್ನಿ. ಹುಳಿ ನೀರು ಕಲ್ಲನ್ನು ಕೊರೆಯಿತು. ಕಲ್ಲು ಕ್ಯಾಲ್ಸಿಯಂ ಬಿಟ್ಟುಕೊಟ್ಟಿತು. ಕ್ಯಾಲ್ಸಿಯಂ, ಕರಗಿದ ಅನಿಲ ಎರಡೂ ಸೇರಿ ಬಿಳಿ ಕಲ್ಲಾಯಿತು. ಇದಕ್ಕೆ ನೂರಾರು ವರ್ಷ ಹಿಡಿಯಬಹುದು ಅಂತ ಅಂದುಕೊಂಡಿದ್ದರು. 2016ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಶ್ಚರ್ಯ. ಎರಡು ವರ್ಷದೊಳಗೆ ನೂರಕ್ಕೆ 95 ಪಾಲು ಕಲ್ಲಾಗಿತ್ತು. ನನಗೆ ಇಷ್ಟವಾದದ್ದು ಈ ಅಂಕಿಯಲ್ಲ, ಪಂಪಿನ ಕಥೆ. ಮಾದರಿ ತೆಗೆಯಲು ಬಾವಿಗಿಳಿಸಿದ್ದ ಪಂಪು ಕೆಟ್ಟು ನಿಂತಿತು. ಏನಪ್ಪಾ ಎಂದು ಮೇಲೆತ್ತಿ ನೋಡಿದರೆ ಮೈತುಂಬ ಕ್ಯಾಲ್ಸೈಟ್, ಅದೇ ಬಿಳಿ ಕಲ್ಲು, ಕಟ್ಟಿಕೊಂಡಿದೆ. ಅನಿಲ ಕಲ್ಲಾಗಿದೆ ಅನ್ನುವ ಸುದ್ದಿಯನ್ನು ಕೆಟ್ಟ ಪಂಪೇ ಹೇಳಿತು.

ಮೇಷ್ಟ್ರೇ, ಇದು ನಿಮಗೆ ಹೊಸದೇ? ಗಾಜಿನ ಲೋಟದಲ್ಲಿ ಸುಣ್ಣದ ತಿಳಿನೀರು ಹಾಕಿ, ಕೊಳವೆ ಕೊಟ್ಟು, "ಊದು" ಅಂತ ಎಷ್ಟು ಮಕ್ಕಳಿಗೆ ಹೇಳಿಲ್ಲ ನೀವು? ಊದುತ್ತಾ ಊದುತ್ತಾ ನೀರು ಹಾಲಿನಂತಾಗುತ್ತದೆ. ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆ ಬಿಳಿ ಯಾವುದು? ಅವರ ಉಸಿರೇ ಕಲ್ಲಾಗಿ ತೇಲುತ್ತಿರುವುದು. ಐಸ್‌ಲ್ಯಾಂಡಿನವರ ಬಾವಿಯಲ್ಲಿ ಕಟ್ಟಿಕೊಂಡದ್ದೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಹಸಿ ಕಾಂಕ್ರೀಟ್ ಕಲಸುವಾಗ ಕಾರ್ಬನ್ ಡೈಆಕ್ಸೈಡ್ ಹಾಯಿಸುವವರು ಮಾಡುತ್ತಿರುವುದೂ ಅದನ್ನೇ. ಆ ಕಟ್ಟಡ ಮುಂದೆ ಒಡೆದು ಬಿದ್ದರೂ ಅನಿಲ ವಾಪಸ್ ಬರುವುದಿಲ್ಲ. ಮೂವತ್ತೊಂದು ವರ್ಷ ಈ ಜಾದೂ ತೋರಿಸಿದವರು ಈಗ ಇದನ್ನು ಜೋಗುಳ ಅಂದರೆ ಹೇಗೆ?

ನಿಮ್ಮ ಮಾತು ಪೂರ್ತಿ ಸುಳ್ಳೇನಲ್ಲ. ಈಗ ಜಗತ್ತು ಬಳಸುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ದೊಡ್ಡ ಪಾಲು, ವರ್ಷಕ್ಕೆ ಸುಮಾರು 13 ಕೋಟಿ ಟನ್, ಯೂರಿಯಾ ಮಾಡಲು ಹೋಗುತ್ತದೆ. ಯೂರಿಯಾ ಹೊಲಕ್ಕೆ ಬಿದ್ದ ಮೇಲೆ ಅದು ಮತ್ತೆ ಗಾಳಿಗೇ. ಉಕ್ಕಿನ ಕುಲುಮೆಯ ಹೊಗೆಯಿಂದ ಎಥನಾಲ್ ಮಾಡುವ ಕಾರ್ಖಾನೆ 2018ರಲ್ಲಿ ಚೀನಾದಲ್ಲಿ ಶುರುವಾಯಿತು. ಆ ಕೆಲಸ ಮಾಡುವುದು ಒಂದು ಜಾತಿಯ ಬ್ಯಾಕ್ಟೀರಿಯಾ. ಅದರ ಮೂಲ ಸಿಕ್ಕಿದ್ದು ಎಲ್ಲಿ ಗೊತ್ತಾ? ಮೊಲದ ಹಿಕ್ಕೆಯಲ್ಲಿ! ಆ ಎಥನಾಲ್ ಸುಟ್ಟರೆ ಇಂಗಾಲ ಹೊರಗೆ ಬರುತ್ತದೆ, ನಿಜ. ಆದರೆ ಒಂದೇ ಇಂಗಾಲ ಎರಡು ಸಲ ದುಡಿಯಿತು. ಅಷ್ಟರ ಮಟ್ಟಿಗೆ ನೆಲದಿಂದ ಹೊಸ ಎಣ್ಣೆ ತೆಗೆಯುವುದು ತಪ್ಪಿತು. ಅಣ್ಣನ ಅಂಗಿ ತಮ್ಮ ಹಾಕಿಕೊಂಡರೆ ಬಟ್ಟೆ ಅಮರವಾಗುವುದಿಲ್ಲ, ಹೊಸ ಅಂಗಿ ಹೊಲಿಸುವುದು ಒಂದು ವರ್ಷ ಮುಂದೆ ಹೋಗುತ್ತದೆ.

ಗಿಡದ ವಿಷಯಕ್ಕೆ ಬಂದರೆ ನಾನೂ ನೀವೂ ಒಂದೇ ಪಕ್ಷ. ಗಿಡ ನೆಡುವ ಒಂದು ಸಮಾರಂಭಕ್ಕೆ ನನ್ನನ್ನು ಎರಡು ವರ್ಷ ಸತತವಾಗಿ ಕರೆದಿದ್ದರು. ಎರಡನೇ ವರ್ಷ ಹೋದಾಗ ಗುಂಡಿ ಎಲ್ಲೋ ನೋಡಿದ ಹಾಗಿತ್ತು. ಹೌದು, ಹೋದ ವರ್ಷ ನಾನೇ ನೆಟ್ಟ ಗುಂಡಿ. ಗಿಡ ಒಣಗಿತ್ತು, ಗುಂಡಿ ಗಟ್ಟಿಯಾಗಿತ್ತು. ಫೋಟೋ ಚೆನ್ನಾಗಿ ಬಂತು.

ಆದರೆ ನಾನು ಹೇಳುವುದು ನೆಡುವ ಕಥೆಯಲ್ಲ, ಕಡಿಯದೆ ಬಿಟ್ಟ ಕಥೆ. ಆಸ್ಟ್ರೇಲಿಯಾದ ಟೋನಿ ರಿನಾಡೊ 1980ರ ದಶಕದ ಆರಂಭದಲ್ಲಿ ಆಫ್ರಿಕಾದ ನೈಜರ್ ದೇಶದ ಮರಾಡಿ ಕಡೆ ಗಿಡ ನೆಡಿಸುತ್ತಿದ್ದರು. ನೆಟ್ಟದ್ದರಲ್ಲಿ ಹೆಚ್ಚಿನವು ಸಾಯುತ್ತಿದ್ದವು. 1983ರಲ್ಲಿ ಒಂದು ದಿನ ಗಾಡಿ ತುಂಬ ಸಸಿ ಹೇರಿಕೊಂಡು ಹೊರಟಿದ್ದಾರೆ. ಮುಂದೆ ಮರಳಿನ ದಾರಿ. ಟೈರಿನ ಗಾಳಿ ಇಳಿಸಲು ಕೆಳಗಿಳಿದರು. ಸುತ್ತ ಬೋಳು ನೆಲ, ಅಲ್ಲೊಂದು ಇಲ್ಲೊಂದು ಪೊದೆ. ಸುಮ್ನೆ ಒಂದು ಪೊದೆಯ ಹತ್ತಿರ ಹೋಗಿ ಎಲೆ ನೋಡಿದರು. ಅದು ಪೊದೆಯಲ್ಲ, ಕಡಿದ ಮರದ ಬುಡ ಚಿಗುರಿರುವುದು! ಕಾಡು ಸತ್ತಿರಲಿಲ್ಲ, ನೆಲದೊಳಗೆ ಕೂತಿತ್ತು. ರೈತರು ಪ್ರತಿವರ್ಷ ಉಳುವ ಮೊದಲು ಚಿಗುರು ಸವರುತ್ತಿದ್ದರು, ಅಷ್ಟೇ. ಸವರದೆ ಎರಡು ಮೂರು ಚಿಗುರು ಉಳಿಸಿ, ಉಳಿದದ್ದು ಕತ್ತರಿಸಿ, ದನ ಮೇಯದಂತೆ ನೋಡಿಕೊಂಡರೆ ಮರ ತಾನೇ ಏಳುತ್ತದೆ. ಸಸಿಯೂ ಬೇಡ, ಗುಂಡಿಯೂ ಬೇಡ.

ಒಂದು ತೊಡಕಿತ್ತು. ಅಲ್ಲಿನ ಹಳೆಯ ಕಾನೂನಿನ ಪ್ರಕಾರ ಹೊಲದ ಮರವೂ ಸರ್ಕಾರದ್ದು. ತನ್ನದಲ್ಲದ ಮರವನ್ನು ಯಾರು ಕಾಯುತ್ತಾರೆ? ಆ ಬಿಗಿ ಸಡಿಲವಾಗಿ, ಮರ ತನ್ನದು ಅಂತ ರೈತನಿಗೆ ಅನ್ನಿಸಿದ ಮೇಲೆ ಒಬ್ಬರನ್ನು ನೋಡಿ ಒಬ್ಬರು ಶುರು ಮಾಡಿದರು. ಸುಮಾರು ಇಪ್ಪತ್ತು ವರ್ಷದಲ್ಲಿ 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಎದ್ದಿತು. ಅಂದಾಜು 20 ಕೋಟಿ ಮರ. ಹೊರಗಿನ ಜಗತ್ತಿಗೆ ಇದು ಬಹಳ ಕಾಲ ಗೊತ್ತೇ ಇರಲಿಲ್ಲ. ಉದ್ಘಾಟನೆಯೇ ಆಗಿರಲಿಲ್ಲವಲ್ಲ!

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳಲು ನಾಚಿಕೆ. ನಮ್ಮ ಕಚೇರಿಯ ಹಿಂದೆ ಗೋಡೆಗೆ ಒತ್ತಿಕೊಂಡು ಒಂದು ಮೋಟು ಬುಡವಿತ್ತು. ವರ್ಷವರ್ಷವೂ ಚಿಗುರುತ್ತಿತ್ತು. ಸೈಕಲ್ ನಿಲ್ಲಿಸಲು ಅಡ್ಡ ಎಂದು ವರ್ಷವರ್ಷವೂ ನಾನೇ ಸವರಿಸುತ್ತಿದ್ದೆ. ಎಂಟು ವರ್ಷ. ಅದೇ ಎಂಟು ವರ್ಷದಲ್ಲಿ ಹಸಿರಿನ ಬಗ್ಗೆ ಎಷ್ಟು ಸಂಪಾದಕೀಯ ಬರೆದೆನೋ ಲೆಕ್ಕವಿಟ್ಟಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ತಾಳ್ಮೆ ಇರಲಿ. ಕೋಸ್ಟರಿಕಾದಲ್ಲಿ 1990ರ ದಶಕದಲ್ಲಿ ಡೇನಿಯಲ್ ಜಾನ್ಜೆನ್ ಮತ್ತು ವಿನಿ ಹಾಲ್‌ವಾಕ್ಸ್ ಎಂಬ ಪರಿಸರತಜ್ಞ ದಂಪತಿ ಒಂದು ಕಿತ್ತಳೆ ರಸದ ಕಂಪನಿಯ ಜೊತೆ ಒಪ್ಪಂದ ಮಾಡಿಸಿದರು. ಕಂಪನಿ ತನ್ನ ಕಾಡಿನ ಜಾಗವನ್ನು ರಾಷ್ಟ್ರೀಯ ಉದ್ಯಾನಕ್ಕೆ ಕೊಡಬೇಕು, ಬದಲಿಗೆ ಉದ್ಯಾನದ ಬರಡು ಜಾಗದಲ್ಲಿ ಸಿಪ್ಪೆ ಸುರಿಯಬಹುದು. ಸಾವಿರ ಲಾರಿ ಸಿಪ್ಪೆ ಬಂತು, 12,000 ಟನ್. ನಾತ, ನೊಣ, ಹುಳ. ಎದುರಾಳಿ ಕಂಪನಿ ಕೋರ್ಟಿಗೆ ಹೋಯಿತು. ಉದ್ಯಾನವನ್ನು ತಿಪ್ಪೆ ಮಾಡಿದ್ದಾರೆ ಅಂತ ವಾದ. ಸುಪ್ರೀಂ ಕೋರ್ಟಿನಲ್ಲಿ ಗೆದ್ದೂಬಿಟ್ಟಿತು. ಕೆಲಸ ನಿಂತಿತು. ಸುರಿದ ಸಿಪ್ಪೆ ಮಾತ್ರ ಅಲ್ಲೇ ಉಳಿಯಿತು. ಸುಮಾರು ಹದಿನಾರು ವರ್ಷದ ಮೇಲೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಆ ಜಾಗ ಹುಡುಕಿಕೊಂಡು ಹೋದರು. ರಸ್ತೆಬದಿಯ ದೊಡ್ಡ ಫಲಕ ನೋಡಿ ಗುರುತಿಸಿ ಅಂತ ಹೇಳಿ ಕಳಿಸಿದ್ದರಂತೆ. ಫಲಕವೇ ಸಿಗಲಿಲ್ಲ. ಬಳ್ಳಿ, ಮರ ಎಲ್ಲ ಸೇರಿ ಅದನ್ನು ನುಂಗಿಬಿಟ್ಟಿದ್ದವು. ಸಿಪ್ಪೆ ಬೀಳದ ಪಕ್ಕದ ಜಾಗಕ್ಕಿಂತ ನೆಲದ ಮೇಲಿನ ಹಸಿರಿನ ತೂಕ ನೂರಕ್ಕೆ 176ರಷ್ಟು ಜಾಸ್ತಿ! ಕೋರ್ಟಿನಲ್ಲಿ ಸೋತ ಕಸ ಕಾಡಿನಲ್ಲಿ ಗೆದ್ದಿತ್ತು.

ಈಗ ನನ್ನ ಹೊಟ್ಟೆಯುರಿ ಹೇಳಿಕೊಳ್ಳುತ್ತೇನೆ. ಜನರನ್ನು ಹೆದರಿಸಿ ಅಂತೀರಿ. ನಾವು ಅದನ್ನು ಬಿಟ್ಟು ಬೇರೇನು ಮಾಡಿದ್ದೇವೆ ಮೇಷ್ಟ್ರೇ? ಓಝೋನ್ ಪದರದಲ್ಲಿ ತೂತು ಬಿದ್ದಾಗ ಎಲ್ಲ ಪತ್ರಿಕೆಯಲ್ಲೂ ಮುಖಪುಟ. 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಕೂತು ಒಪ್ಪಂದ ಮಾಡಿದವು. ಪದರವನ್ನು ತಿನ್ನುತ್ತಿದ್ದ ಅನಿಲಗಳನ್ನು ಬಹುಪಾಲು ನಿಲ್ಲಿಸಿದವು. ಈಗ ಪದರ ನಿಧಾನಕ್ಕೆ ಕೂಡಿಕೊಳ್ಳುತ್ತಿದೆ. ಈ ಶತಮಾನದ ನಡುವಿನ ಹೊತ್ತಿಗೆ ಜಗತ್ತಿನ ಹೆಚ್ಚಿನ ಕಡೆ 1980ರ ಮಟ್ಟಕ್ಕೆ ಬರುತ್ತದೆ ಅನ್ನುವುದು ವಿಜ್ಞಾನಿಗಳ ಅಂದಾಜು. ಇದು ಎಷ್ಟು ಪತ್ರಿಕೆಯ ಮುಖಪುಟಕ್ಕೆ ಬಂತು? ಹರಿದದ್ದು ಸುದ್ದಿ, ಹೊಲಿದದ್ದು ಸುದ್ದಿಯಲ್ಲ. ಸೇತುವೆ ಕಟ್ಟಿದವರಿಗೆ ಶಿಲಾಫಲಕ, ಅದರ ಬೋಲ್ಟು ಬಿಗಿಮಾಡುತ್ತಾ ಓಡಾಡುವವರ ಹೆಸರು ಯಾರಿಗೂ ಬೇಡ. ಪುಸ್ತಕ ಬಿಡುಗಡೆಗೆ ಹಾರ ತುರಾಯಿ, ಗ್ರಂಥಾಲಯದಲ್ಲಿ ಅದರ ಕಿತ್ತ ಬೆನ್ನಿಗೆ ಗೋಂದು ಹಚ್ಚುವವರಿಗೆ ಒಂದು ನಮಸ್ಕಾರವೂ ಇಲ್ಲ. ಕೊಡೆ ಕಡ್ಡಿ ಮುರಿದರೆ ಕೊಡೆಯನ್ನೇ ಎಸೆಯುವ ಕಾಲ ಇದು. ಗಾಳಿಯನ್ನು ರಿಪೇರಿ ಮಾಡಬಹುದು ಅಂದರೆ ನಂಬುವವರು ಯಾರು?

ನನಗೆ ಬರುವ ಲೇಖನಗಳಲ್ಲೂ ಇದೇ ಕಾಯಿಲೆ. ಪ್ರಳಯದ ಬಗ್ಗೆ ವಾರಕ್ಕೆ ನಾಲ್ಕು ಬರುತ್ತವೆ. ಭಾಷೆ ಜೋರು, ಉದ್ಗಾರ ಚಿಹ್ನೆ ಧಾರಾಳ. (ಈ ಉತ್ತರದಲ್ಲೂ ನುಸುಳಿವೆ, ಕ್ಷಮಿಸಿ.) ಮಣ್ಣಿನ ಬಗ್ಗೆ ಬರೆಯಿರಿ ಎಂದರೆ ಯಾರೂ ಇಲ್ಲ. ಗಾಳಿಯಲ್ಲಿ, ಗಿಡಮರಗಳಲ್ಲಿ ಇರುವ ಇಂಗಾಲ ಎರಡೂ ಸೇರಿದರೂ ಮಣ್ಣಿನಲ್ಲಿರುವುದೇ ಹೆಚ್ಚು. ಅದನ್ನು ಅಲ್ಲಿ ಉಳಿಸುವುದು, ಬೆಳೆಸುವುದು ಹೇಗೆ ಎಂದು ಬದುಕಿಡೀ ಅಳೆದ ರತನ್ ಲಾಲ್ ಅವರಿಗೆ 2020ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ನಾವೂ ಆಗ ನಾಲ್ಕು ಸಾಲು ಹಾಕಿದ್ದೆವು, ಒಳಪುಟದ ಮೂಲೆಯಲ್ಲಿ. ಆ ತಪ್ಪು ನನ್ನದೇ.

ಹೆದರಿದ ಮನುಷ್ಯ ಒಂದು ದಿನ ಓಡುತ್ತಾನೆ, ಎರಡನೇ ದಿನ ಚಾನೆಲ್ ಬದಲಿಸುತ್ತಾನೆ. ನಿಮ್ಮ ತರಗತಿಯಲ್ಲಿ ಯಾವ ಹುಡುಗ ಕಲಿತ? ಬೆತ್ತ ನೋಡಿದವನಾ, ಸುಣ್ಣದ ನೀರಿಗೆ ಊದಿದವನಾ? ಪತ್ರದಲ್ಲಿ ಉತ್ತರ ಕೊಡಬೇಡಿ, ಅರ್ಧ ಪುಟ ಬರೆದು ಕಳಿಸಿ. ಆ ಪ್ರಯೋಗವನ್ನು ಮಕ್ಕಳ ಪುಟಕ್ಕೆ ಹಾಕೋಣ. ಮುನ್ನೂರು ಪದ ಮೀರಬಾರದು, ಚಿತ್ತಿಲ್ಲದಿದ್ದರೆ ನಮ್ಮ ಹುಡುಗರಿಗೂ ಅನುಕೂಲ.

ಅಂದಹಾಗೆ, ಆ ಮೋಟು ಬುಡವನ್ನು ಈ ಸಲ ಸವರಿಸಿಲ್ಲ. ಮೂರು ಚಿಗುರು ಬಿಟ್ಟಿದ್ದೇನೆ. ಸೈಕಲ್‌ಗಳು ಮುಂಬಾಗಿಲಿಗೆ ಬಂದಿವೆ, ಅದಕ್ಕೆ ಕಚೇರಿಯವರ ಗೊಣಗಾಟವೂ ಇದೆ. ಒಂದು ಚಿಗುರು ಕಿಟಕಿಯ ಸರಳು ಮುಟ್ಟಿದೆ. ಯಾವ ಮರ ಅಂತ ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಾಗುತ್ತಿಲ್ಲ. ನಿಮ್ಮ ಮನೆಯವರು ಸಸ್ಯಶಾಸ್ತ್ರ ಓದಿದವರು ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ಒಂದು ಎಲೆಯನ್ನು ಲಕೋಟೆಯಲ್ಲಿ ಇಟ್ಟು ಕಳಿಸುತ್ತಿದ್ದೇನೆ. ನೋಡಿ ಹೇಳಲು ಅವರಿಗೆ ತಿಳಿಸಿ.

— ಸಂಪಾದಕ