ನರಸಿಂಹರಾಜು ಅವರಿಗೆ ಒಂದೇ ಸಾಲು ಸಾಕೇ?

ಪತ್ರ: ಕಳೆದ ಸಂಚಿಕೆಯಲ್ಲಿ ತುಮಕೂರು ಜಿಲ್ಲೆಯ ಕಲಾವಿದರ ಬಗ್ಗೆ ಆರು ಪುಟ ಬರೆದಿರಿ. ನಮ್ಮೂರಿನ ನರಸಿಂಹರಾಜು ಅವರಿಗೆ ಸಿಕ್ಕಿದ್ದು ‘ಹೆಸರಾಂತ ಹಾಸ್ಯನಟ’ ಎಂಬ ಒಂದೇ ಸಾಲು. ಹಲ್ಲು ತೋರಿಸಿ ನಗಿಸಿದರು ಅಂತಷ್ಟೇ ಮಕ್ಕಳಿಗೆ ಹೇಳಬೇಕೇ? ಅವರ ಕಂಪನಿ ನಾಟಕ ನೋಡಿದ್ದ ನಮ್ಮ ತಂದೆ ಹ್ಯಾಂಡ್‌ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.
– ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಮೇಷ್ಟ್ರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಸಾಲು ಬರೆದವನು ನಾನೇ. ತಪ್ಪಾಯಿತು.

ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದವರು, ಗುಬ್ಬಿ ಕಂಪನಿಯಲ್ಲೂ ದುಡಿದವರು. ಕಂಪನಿ ನಾಟಕದಲ್ಲಿ ಹಾಸ್ಯಗಾರನ ಕೆಲಸ ಎಷ್ಟು ಕಷ್ಟ ಎನ್ನುವುದು ಕೂತು ನಕ್ಕವರಿಗೆ ತಿಳಿಯುವುದಿಲ್ಲ. ಜನ ನಗುತ್ತಿರುವಾಗಲೇ ಮುಂದಿನ ಮಾತು ಆಡಿದರೆ ಅದು ಯಾರ ಕಿವಿಗೂ ಬೀಳದು. ನಗು ಪೂರ್ತಿ ಅಡಗಲಿ ಅಂತ ಕಾದರೆ ಆಟ ತಣ್ಣಗಾಗುತ್ತದೆ. ಈ ಎರಡರ ನಡುವಿನ ಆ ಒಂದು ಗಳಿಗೆಯನ್ನು ದಿನವೂ, ಹೊಸ ಊರಿನಲ್ಲಿ, ಹೊಸ ಜನರೆದುರು ಹಿಡಿಯಬೇಕು. ಮೈಗೆ ಹತ್ತಬೇಕಾದ ವಿದ್ಯೆ ಅದು.

1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ನಾಯಕರಾದರು. ನರಸಿಂಹರಾಜು ಕೂಡ ಜನರ ಕಣ್ಣಿಗೆ ಬಿದ್ದದ್ದು ಅದೇ ಚಿತ್ರದಿಂದ. ಅಲ್ಲಿಂದ 25 ವರ್ಷ, 200ಕ್ಕೂ ಹೆಚ್ಚು ಚಿತ್ರ. ಸಣಕಲು ಮೈ, ಮುಂದೆ ಚಾಚಿದ ಹಲ್ಲು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಎದುರಿನವರಿಗೆ ಬಿಟ್ಟುಕೊಡುತ್ತಿದ್ದ ಜಾಗ.

ಬಾಲಕೃಷ್ಣ ಅವರ ಜೊತೆಗಿನ ಯಾವುದಾದರೂ ದೃಶ್ಯ ಹಾಕಿ ನೋಡಿ. ಬಾಲಣ್ಣನಿಗೆ ಕಿವಿ ಮಂದ. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಹಾಗಿದ್ದೂ ಇಬ್ಬರ ಮಾತು ಚೆಂಡಿನ ಹಾಗೆ ಅತ್ತಿಂದಿತ್ತ ಹಾರುತ್ತದೆ, ಒಮ್ಮೆಯೂ ಕೆಳಗೆ ಬೀಳುವುದಿಲ್ಲ. ದನಿ ತೆಗೆದು ಇನ್ನೊಮ್ಮೆ ನೋಡಿ. ತನ್ನ ಸರದಿ ಅಲ್ಲದಾಗ ನರಸಿಂಹರಾಜು ಮುಖ ಸುಮ್ಮನಿರುವುದಿಲ್ಲ; ಹುಬ್ಬು, ಕತ್ತು, ಬೆರಳ ತುದಿ ಎಲ್ಲವೂ ಕೇಳಿಸಿಕೊಳ್ಳುತ್ತಿರುತ್ತವೆ. ಪಕ್ಕದವರ ದೃಶ್ಯವನ್ನು ಎತ್ತಿ ನಿಲ್ಲಿಸುವವರನ್ನೇ ಅಲ್ಲವೇ ನಾವು ಪೋಷಕ ನಟರು ಅನ್ನುವುದು? ಆ ಮಾತಿನ ಪೂರ್ತಿ ಅರ್ಥದಲ್ಲಿ ಅವರು ಪೋಷಕ ನಟರು.

ಪರದೆಯ ಆಚೆಗೂ ಹಾಗೆಯೇ ಇದ್ದರು. ಕನ್ನಡ ಚಿತ್ರರಂಗಕ್ಕೆ ಕಷ್ಟಕಾಲ ಬಂದಾಗ ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಜೊತೆ ಸೇರಿ ಸಂಘ ಕಟ್ಟಿ, ಊರೂರು ತಿರುಗಿ ನಾಟಕ ಆಡಿದರು. ಆ ನಾಲ್ವರ ಸಂಘವೇ 1960ರಲ್ಲಿ ‘ರಣಧೀರ ಕಂಠೀರವ’ ತೆಗೆಯಿತು. ಚಿತ್ರರಂಗದಲ್ಲಿ ಹೆಸರು ಮಾಡಿದ ಮೇಲೂ ಮತ್ತೆ ನಾಟಕದ ಊರುಗಳಿಗೆ ಹೊರಟರಲ್ಲ, ಆರು ಪುಟದ ಲೇಖನದಲ್ಲಿ ಇದನ್ನು ಬಿಟ್ಟೆ ಎಂಬುದು ನನ್ನನ್ನು ಹೆಚ್ಚು ಚುಚ್ಚುತ್ತಿದೆ. ‘ನಕ್ಕರೆ ಅದೇ ಸ್ವರ್ಗ’ದಲ್ಲಿ ನಾಯಕರಾದರು, ‘ಪ್ರೊಫೆಸರ್ ಹುಚ್ಚೂರಾಯ’ ಚಿತ್ರವನ್ನು ತಾವೇ ನಿರ್ಮಿಸಿದರು. 1979ರಲ್ಲಿ ತೀರಿಕೊಂಡಾಗ 60 ಕೂಡ ತುಂಬಿರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಅವರಿಗೇ ಮೀಸಲು. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯ ಹಿರಿಯರಲ್ಲಿ ಅವರನ್ನು ರಂಗದ ಮೇಲೆ ಕಂಡವರಿದ್ದರೆ ದಯವಿಟ್ಟು ಬರೆಯಿರಿ. ಬರೆಯಲಾಗದಿದ್ದರೆ ಮೊಮ್ಮಕ್ಕಳ ಕೈಲಿ ಬರೆಸಿ. ಮೇಷ್ಟ್ರೇ, ನಿಮ್ಮ ತಂದೆಯವರ ಹ್ಯಾಂಡ್‌ಬಿಲ್ ಇನ್ನೂ ಇದ್ದರೆ ಅಂಚೆಗೆ ಹಾಕಬೇಡಿ, ಮಡಿಕೆಯಲ್ಲಿ ಹರಿದೀತು. ನಾನೇ ತಿಪಟೂರಿಗೆ ಬರುತ್ತೇನೆ. ನಿಮ್ಮ ಮನೆಯಲ್ಲೇ ಫೋಟೋ ತೆಗೆದುಕೊಂಡು, ಅಲ್ಲೇ ನಿಮ್ಮ ಕೈಗೆ ಕೊಟ್ಟು ಬರುತ್ತೇನೆ.