ಶಾಕಪ್ ಹೊಸದು, ಸದ್ದು ಮಾತ್ರ ಹಳೇದೇ

ಪ್ರಶ್ನೆ: ನನ್ನ ಕಾರು 80 ಸಾವಿರ ಕಿಲೋಮೀಟರ್ ಓಡಿದೆ. ಕಿತ್ತುಹೋದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಮುಂದಿನ ಎಡಗಡೆ ಚಕ್ರದ ಹತ್ತಿರ ಕಟಕಟ ಅಂತ ಸದ್ದು ಬರುತ್ತದೆ. ಶಾಕಪ್ ಹೋಗಿದೆ ಅಂದರು, ಎರಡೂ ಕಡೆ ಹೊಸದು ಹಾಕಿಸಿದೆ. ಸದ್ದು ಹಾಗೇ ಇದೆ. ವಿಚಿತ್ರ ಅಂದರೆ ದೊಡ್ಡ ಹಂಪ್ ಮೇಲೆ ನೇರವಾಗಿ ಹತ್ತಿಸಿದರೆ ಏನೂ ಕೇಳಿಸುವುದಿಲ್ಲ! ಈಗ ಲೋವರ್ ಆರ್ಮ್ (ಚಕ್ರವನ್ನು ಕೆಳಗಡೆಯಿಂದ ಕಾರಿಗೆ ಜೋಡಿಸುವ ತೋಳು) ಬದಲಾಯಿಸಬೇಕು ಅನ್ನುತ್ತಿದ್ದಾರೆ. ಹಾಕಿಸಲಾ?

ಉತ್ತರ: ಈಗಲೇ ಬೇಡ. ಹಂಪ್ ಮೇಲೆ ಸದ್ದಿಲ್ಲ ಅಂತ ಬರೆದಿದ್ದೀರಲ್ಲ, ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದ ಮಾತು ಅದೇ.

ಎರಡೂ ಮುಂದಿನ ಚಕ್ರ ಒಟ್ಟಿಗೆ ಮೇಲೆದ್ದರೆ ಸ್ಟೆಬಿಲೈಸರ್ ಬಾರ್ (ಕಾರು ವಾಲದ ಹಾಗೆ ಎಡ ಬಲ ಚಕ್ರಗಳ ನಡುವೆ ಅಡ್ಡಕ್ಕೆ ಹಾಕಿರುವ ಸರಳು) ಸುಮ್ನೆ ತನ್ನ ಜಾಗದಲ್ಲೇ ತಿರುಗುತ್ತದೆ, ಅದಕ್ಕೆ ಕೆಲಸವೇ ಇಲ್ಲ. ಹಾಳು ರಸ್ತೆಯಲ್ಲಿ ಹಾಗಲ್ಲ, ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದು ಮೇಲಿರುತ್ತದೆ, ಆಗ ಬಾರ್ ತಿರುಚಿಕೊಂಡು ಎರಡು ತುದಿಯ ಲಿಂಕ್ ರಾಡ್‌ಗಳನ್ನು ಒಂದು ಸಲ ಎಳೆದು, ಮರುಕ್ಷಣ ತಳ್ಳುತ್ತದೆ. ಲಿಂಕ್ ರಾಡ್ ತುದಿಯ ಬಾಲ್ ಜಾಯಿಂಟ್, ಅಂದರೆ ಗುಂಡಿನ ಆಕಾರದ ಕೀಲು, ಸವೆದಿದ್ದರೆ ಆ ಎಳೆದಾಟಕ್ಕೆ ಕಟಕಟ ಅನ್ನುತ್ತದೆ. ಹಾಗಾಗಿ ನನ್ನ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಬಾರನ್ನು ಹಿಡಿದುಕೊಂಡಿರುವ ರಬ್ಬರ್ ಬುಷ್‌ಗಳನ್ನೂ ಜೊತೆಗೇ ನೋಡಿಬಿಡಿ.

ಆದರೆ ಅನುಮಾನಕ್ಕೇ ಪಾರ್ಟ್ ತರಬೇಡಿ, ಮೊದಲು ಪರೀಕ್ಷೆ. ಕಾರು ನೆಲದ ಮೇಲೇ ಇರಲಿ. ತುಂಬಾ ಜನ ತಪ್ಪುವುದು ಇಲ್ಲೇ: ಒಂದು ಕಡೆ ಜ್ಯಾಕ್ ಕೊಟ್ಟು ಎತ್ತಿದರೆ ಲಿಂಕ್ ಮೇಲೆ ಬಿಗಿ ಬಿದ್ದು ಪ್ಲೇ (ಸವೆದ ಜಾಗದ ಸಡಿಲ) ಅಡಗಿಹೋಗುತ್ತದೆ, ಎಷ್ಟು ಅಲ್ಲಾಡಿಸಿದರೂ ಗಟ್ಟಿಯಾಗೇ ಇದೆ ಅನ್ನಿಸುತ್ತದೆ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕೈ ಹೋಗುವಷ್ಟು ಸ್ಟೀರಿಂಗ್ ತಿರುಗಿಸಿಟ್ಟು, ಲಿಂಕ್‌ನ ಬಾಲ್ ಜಾಯಿಂಟ್ ಮೇಲೆ ಎರಡು ಬೆರಳಿಡಿ. ಇನ್ನೊಬ್ಬರು ಕಾರನ್ನು ಪಕ್ಕದಿಂದ ತಳ್ಳಿ ತಳ್ಳಿ ತೂಗಾಡಿಸಲಿ. ಸವೆದಿದ್ದರೆ ಕಿವಿಗೆ ಕೇಳುವ ಮೊದಲೇ ಬೆರಳಿಗೆ ಟಕ್ ಅಂತ ತಾಗುತ್ತದೆ.

ಇಷ್ಟಾದರೂ ಖಾತ್ರಿ ಆಗದಿದ್ದರೆ ಎರಡೂ ಲಿಂಕ್ ಬಿಚ್ಚಿಸಿ, ಬಾರಿನ ತುದಿ ಎಲ್ಲೂ ತಾಗದ ಹಾಗೆ ನೋಡಿಕೊಂಡು, ಅದೇ ರಸ್ತೆಯಲ್ಲಿ ಸ್ವಲ್ಪ ದೂರ ನಿಧಾನವಾಗಿ ಓಡಿಸಿ. ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ, ಅದಕ್ಕೇ ನಿಧಾನ. ಸದ್ದು ಹೋಯಿತಾ? ಕಳ್ಳ ಸಿಕ್ಕ. ಬಿಚ್ಚುವಾಗ ನಟ್ ಜೊತೆ ಬಾಲ್‌ನ ಬೋಲ್ಟೂ ಗರಗರ ತಿರುಗುತ್ತದೆ. ಹೆಚ್ಚಿನವುಗಳಲ್ಲಿ ಬೋಲ್ಟ್ ತುದಿಗೆ ಅಲೆನ್ ಕೀ ಕೂರುವ ಗುಳಿ ಇರುತ್ತದೆ, ಅದನ್ನು ಹಿಡಿದುಕೊಂಡು ನಟ್ ಬಿಚ್ಚಬೇಕು.

ಸದ್ದು ಹೋಗಲಿಲ್ಲ ಅಂದರೆ ಮುಂದಿನದು ಖರ್ಚಿಲ್ಲದ ಪರೀಕ್ಷೆ. ಖಾಲಿ ರಸ್ತೆಯಲ್ಲಿ, ಸದ್ದು ಬರುತ್ತಿರುವಾಗಲೇ, ಬ್ರೇಕ್ ಪೆಡಲನ್ನು ಹಗುರಾಗಿ ಒತ್ತಿ. ತಕ್ಷಣ ಸದ್ದು ನಿಂತರೆ ಅದು ಸಸ್ಪೆನ್ಷನ್ನೇ ಅಲ್ಲದಿರಬಹುದು, ಬ್ರೇಕ್ ಪ್ಯಾಡ್ ಅಥವಾ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ನ ಪಿನ್ ಸಡಿಲವಾಗಿ ಕುಣಿಯುತ್ತಿರುತ್ತದೆ. ಶಾಕಪ್ ಹಾಕಿದಾಗ ಅದರ ಮೇಲ್ತುದಿಯನ್ನು ಬಾಡಿಗೆ ಕೂರಿಸುವ ಮೌಂಟ್ ಹಳೆಯದನ್ನೇ ಬಿಟ್ಟರಾ ಅಂತಲೂ ಕೇಳಿ. ಮೌಂಟ್‌ನ ರಬ್ಬರ್ ಹೋಗಿದ್ದರೆ, ಅಥವಾ ಮೇಲಿನ ನಟ್ ಸರಿಯಾಗಿ ಬಿಗಿಯಾಗದಿದ್ದರೆ, ಹೊಸ ಶಾಕಪ್ಪೂ ಹಳೆಯದರ ಹಾಗೇ ಕುಟ್ಟುತ್ತದೆ. ಬಾನೆಟ್ ತೆಗೆದು ಮೌಂಟ್ ಮೇಲೆ ಅಂಗೈ ಇಟ್ಟುಕೊಳ್ಳಿ, ಇನ್ನೊಬ್ಬರು ಕಾರಿನ ಮೂಲೆಯನ್ನು ಒತ್ತಿ ಒತ್ತಿ ಬಿಡಲಿ, ಗೊತ್ತಾಗುತ್ತದೆ. ಹಾಗೇ ಬ್ಯಾಟರಿಯ ಕ್ಲ್ಯಾಂಪ್ ಒಮ್ಮೆ ಅಲ್ಲಾಡಿಸಿ ನೋಡಿ. ನಗಬೇಡಿ, ಅದೂ ಗುಂಡಿಗೆ ಸರಿಯಾಗಿ ಕುಟ್ಟುತ್ತದೆ.

ಇನ್ನು ಲೋವರ್ ಆರ್ಮ್ ವಿಷಯ. ಅದರ ಬುಷ್ ಹೋದರೆ ಸಾಮಾನ್ಯವಾಗಿ ಕಟಕಟ ಅಲ್ಲ, ಧಡ್ ಅಂತ ಒಂದೇ ಏಟು. ಅದೂ ಬ್ರೇಕ್ ಹಾಕಿದಾಗ ಅಥವಾ ಹೊರಡುವಾಗ. ನಡಿಗೆಯ ವೇಗದಲ್ಲಿ ಮುಂದೆ ಹೋಗಿ ಬ್ರೇಕ್, ಹಿಂದೆ ಬಂದು ಬ್ರೇಕ್, ಹೀಗೆ ಮಾಡಿ ನೋಡಿ. ನೀವು ಹೇಳಿದ್ದರಲ್ಲಿ ಆ ಲಕ್ಷಣ ಇಲ್ಲ. ಆದರೂ ಆರ್ಮ್‌ನ ಬಾಲ್ ಜಾಯಿಂಟ್ ಮಾತ್ರ ನೋಡದೆ ಬಿಡಬೇಡಿ. ಜ್ಯಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು (ಬರೀ ಜ್ಯಾಕ್ ನಂಬಿ ಕಾರಿನಡಿ ಹೋಗಲೇಬಾರದು), ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಪ್ಲೇ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಒತ್ತಿದಾಗ ಪ್ಲೇ ಹೋದರೆ ವೀಲ್ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ ಅನ್ನಿ. 9 ಮತ್ತು 3ರಲ್ಲಿ ಮಾತ್ರ ಅಲ್ಲಾಡಿದರೆ ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಕಡೆ ನೋಡಿ. ಬಾಲ್ ಜಾಯಿಂಟ್ ಸವೆದಿದ್ದರೆ ಆಮೇಲೆ ನೋಡೋಣ ಅನ್ನಬೇಡಿ, ಅದು ಕಳಚಿಕೊಂಡರೆ ಓಡುತ್ತಿರುವಾಗಲೇ ಚಕ್ರ ಮಡಚಿಕೊಳ್ಳುತ್ತದೆ.

ಕೊನೆಗೆ ಆರ್ಮ್ ಬದಲಾಯಿಸಲೇಬೇಕಾದರೆ ಬುಷ್ ಬೋಲ್ಟ್‌ಗಳ ಕೊನೆಯ ಬಿಗಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಆಗಬೇಕು. ಚಕ್ರ ಜೋತಾಡುವಾಗಲೇ ಬಿಗಿದರೆ ಕಾರು ಇಳಿಸಿದ ಕೂಡಲೇ ಬುಷ್‌ನ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಬೇಗ ಹರಿಯುತ್ತದೆ. ಎದುರಿಗೆ ನಿಂತೇ ಮಾಡಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್.

ಪ್ರಶ್ನೆ: ಸ್ಟೀರಿಂಗ್ ಪೂರ್ತಿ ತಿರುಗಿಸಿ ಯೂ ಟರ್ನ್ ಮಾಡುವಾಗ ಟಿಕ್ ಟಿಕ್ ಅನ್ನುತ್ತದೆ, ನೇರ ಹೋದರೆ ಇಲ್ಲ. ಇದೂ ಲಿಂಕ್ ರಾಡಾ?

ಉತ್ತರ: ಅಲ್ಲ. ಚಕ್ರ ತಿರುಗುವ ವೇಗಕ್ಕೆ ಸರಿಯಾಗಿ ಟಿಕ್ ಟಿಕ್ ಜೋರಾದರೆ ಅದು ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟ್‌ನ ಹೊರಗಿನ ಕೀಲು, ಅಂದರೆ ಸಿವಿ ಜಾಯಿಂಟ್. ಚಕ್ರದ ಒಳಬದಿ ನೋಡಿ, ರಬ್ಬರ್ ಬೂಟ್ ಹರಿದು ಸುತ್ತಲೂ ಗ್ರೀಸ್ ಸಿಡಿದಿರುತ್ತದೆ. ಸದ್ದು ಶುರುವಾಗಿದೆ ಅಂದರೆ ಒಳಗೆ ಸವೆದಾಗಿದೆ, ಬರೀ ಬೂಟ್ ಬದಲಾಯಿಸಿ ಪ್ರಯೋಜನವಿಲ್ಲ, ಜಾಯಿಂಟೇ ಹಾಕಿಸಿ.